ಮಳೆ ಚೆನ್ನಾಗಿ ಆದ ವರ್ಷವೇ ಬೆಂಕಿಯ ಭಯ ಜಾಸ್ತಿ: ಕಲಬುರಗಿ, ಬೀದರ್, ಯಾದಗಿರಿಯ ಕಾಡ್ಗಿಚ್ಚಿನ ಲೆಕ್ಕ

ಕಾಡ್ಗಿಚ್ಚು ಅಂದ ತಕ್ಷಣ ಕರ್ನಾಟಕದಲ್ಲಿ ಎಲ್ಲರಿಗೂ ನೆನಪಾಗುವುದು ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋದಾಗ ಇಡೀ ರಾಜ್ಯ ಅದನ್ನೇ ಮಾತಾಡಿತು. ಕಲಬುರಗಿ, ಬೀದರ್, ಯಾದಗಿರಿಯ ಹೆಸರು ಈ ಮಾತಿನಲ್ಲಿ ಬರುವುದೇ ಅಪರೂಪ. ಅಲ್ಲಿ ಸುಡಲಿಕ್ಕೆ ಕಾಡೆಲ್ಲಿದೆ ಎಂದು ಕೇಳುವವರೇ ಹೆಚ್ಚು. ನಮ್ಮ ಕಡೆಯವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಬಿಸಲ ನಾಡು ಇದು, ಬ್ಯಾಸಗಿ ಬಂತಂದ್ರ ಅಲ್ಲಿ ಇಲ್ಲಿ ಬೆಂಕಿ ಇದ್ದದ್ದೇ ಬಿಡ್ರಿ."

ಈ ಮಾತು ಅರ್ಧ ಮಾತ್ರ ಸರಿ. ಬಿಸಿಲು ಬೆಂಕಿಗೆ ಬೇಕು, ನಿಜ. ಆದರೆ ನಮ್ಮ ಬಿಸಿಲು ವರ್ಷದಿಂದ ವರ್ಷಕ್ಕೆ ಅಷ್ಟೇನೂ ಬದಲಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯಲ್ಲಿ 42-43 ಡಿಗ್ರಿ ಪ್ರತಿ ವರ್ಷವೂ ಇರುತ್ತದೆ. ವರ್ಷ ವರ್ಷಕ್ಕೆ ಜೋರಾಗಿ ಏರಿಳಿಯುವುದು ಮಳೆ. ಒಣ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷಕ್ಕಿಂತ, ಮಳೆ ಚೆನ್ನಾಗಿ ಆದ ವರ್ಷದ ಮರು ಬೇಸಿಗೆಯೇ ಬೆಂಕಿಗೆ ಹೆಚ್ಚು ಅನುಕೂಲ. ಹಾಗಾಗಿ ಈ ಮೂರು ಜಿಲ್ಲೆಗಳಲ್ಲಿ ಬೆಂಕಿ ಕಾವಲಿನ ಯೋಜನೆ ಮಾಡುವವರು ಮಾರ್ಚ್ ತಿಂಗಳ ಉಷ್ಣಾಂಶ ಕಾಯಬಾರದು. ಹಿಂದಿನ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆ ಲೆಕ್ಕ ತೆಗೆದು ನೋಡಬೇಕು. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಡುವಿನ ಮಳೆಯ ಅಪಾಯ

ಬೆಂಕಿಗೆ ಮೂರು ಬೇಕು. ಸುಡುವ ವಸ್ತು ಇರಬೇಕು, ಅದು ಒಣಗಿರಬೇಕು, ಯಾರಾದರೂ ಅದಕ್ಕೆ ಕಿಡಿ ಮುಟ್ಟಿಸಬೇಕು. ಕಿಡಿಯ ಮಾತು ಆಮೇಲೆ. ಮೊದಲ ಎರಡೂ ಮಳೆಯ ಕೈಯಲ್ಲಿವೆ. ಕಷ್ಟ ಏನೆಂದರೆ, ಮಳೆ ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸುತ್ತದೆ. ಮಳೆ ಜಾಸ್ತಿಯಾದರೆ ಹುಲ್ಲು, ಪೊದೆ, ತರಗೆಲೆ ಎಲ್ಲವೂ ಹೆಚ್ಚು, ಆದರೆ ಒಣಗುವುದು ತಡ. ಮಳೆ ಕಡಿಮೆಯಾದರೆ ಬೇಗ ಒಣಗುತ್ತದೆ, ಆದರೆ ಸುಡಲಿಕ್ಕೆ ಏನೂ ಬೆಳೆದಿರುವುದಿಲ್ಲ.

ಕರ್ನಾಟಕದ ಎರಡು ತುದಿ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿನ ದಟ್ಟ ಕಾಡಿನ ನೆಲ ಮಾರ್ಚ್‌ನಲ್ಲೂ ತಂಪಾಗಿರುತ್ತದೆ. ಬೆಂಕಿ ಸುಲಭವಾಗಿ ಒಳಗೆ ಹೋಗುವುದಿಲ್ಲ. ಕುದುರೆಮುಖದ ಕಡೆ ಬೆಟ್ಟದ ನೆತ್ತಿಯ ಹುಲ್ಲುಗಾವಲು ಸುಡುತ್ತದೆ, ಅದು ಬೇರೆ ಲೆಕ್ಕ. ಇನ್ನೊಂದು ತುದಿ ಚಳ್ಳಕೆರೆ. ಅಲ್ಲಿ ಮಳೆ 450 ಮಿ.ಮೀ. ಆಸುಪಾಸು. ಹುಲ್ಲು ಗಿಡ್ಡ, ಅದೂ ಬಿಡಿ ಬಿಡಿ. ಒಂದು ಬುಡಕ್ಕೂ ಇನ್ನೊಂದು ಬುಡಕ್ಕೂ ನಡುವೆ ಬರೀ ಮಣ್ಣು. ಬೆಂಕಿ ಹೊತ್ತಿದರೂ ನಾಲ್ಕು ಹೆಜ್ಜೆ ಹೋಗಿ ತಾನೇ ಆರುತ್ತದೆ.

ಈ ಎರಡರ ನಡುವೆ ಬೇರೊಂದು ಬಗೆಯ ಜಾಗಗಳಿವೆ. ಅಲ್ಲಿ ಮೂರು ನಾಲ್ಕು ತಿಂಗಳು ಹದವಾಗಿ ಮಳೆ ಬೀಳುತ್ತದೆ, ಹುಲ್ಲು ಸೊಂಟದ ಮಟ್ಟ ಬೆಳೆಯುತ್ತದೆ, ಆಮೇಲೆ ಐದಾರು ತಿಂಗಳು ಹೆಚ್ಚುಕಡಿಮೆ ಹನಿಯೂ ಬೀಳುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಸುಡುವ ನೆಲ ಇಂಥದ್ದೇ. ಆಫ್ರಿಕಾದ ಹುಲ್ಲುಗಾವಲು, ಉತ್ತರ ಆಸ್ಟ್ರೇಲಿಯಾ, ನಮ್ಮ ಮಧ್ಯ ಭಾರತದ ಎಲೆ ಉದುರುವ ಕಾಡು, ಬಂಡೀಪುರ ಎಲ್ಲವೂ ಈ ಗುಂಪಿಗೆ ಸೇರುತ್ತವೆ.

ನಮ್ಮ ಮೂರು ಜಿಲ್ಲೆಗಳು ಈ ಗುಂಪಿನ ಒಣ ಅಂಚಿನಲ್ಲಿವೆ. ಬೀದರ್‌ನಲ್ಲಿ ವರ್ಷಕ್ಕೆ ಸರಾಸರಿ 850 ಮಿ.ಮೀ. ಆಸುಪಾಸು, ಕಲಬುರಗಿಯಲ್ಲಿ 750ರ ಆಸುಪಾಸು. ಯಾದಗಿರಿಯಲ್ಲಿ ಬೀದರ್‌ಗಿಂತ ಕಡಿಮೆಯೇ. ಕಲಬುರಗಿ ಜಿಲ್ಲೆಯೊಳಗೂ ವ್ಯತ್ಯಾಸ ಇದೆ. ಪೂರ್ವದ ಚಿಂಚೋಳಿ, ಸೇಡಂ ಕಡೆ ಜಾಸ್ತಿ, ಪಶ್ಚಿಮದ ಅಫಜಲಪುರ, ಜೇವರ್ಗಿ ಕಡೆ ಕಡಿಮೆ.

ಅಂಚಿನಲ್ಲಿರುವುದೇ ಇಲ್ಲಿ ಮುಖ್ಯ. ನಡುವೆ ಇರುವ ಕಾಡಿಗೆ ಹುಲ್ಲು ಪ್ರತಿ ವರ್ಷವೂ ಸಾಕಷ್ಟು ಬೆಳೆಯುತ್ತದೆ. ಅಲ್ಲಿ ಪ್ರಶ್ನೆ ಅದು ಎಷ್ಟು ಒಣಗಿತು ಅನ್ನುವುದು ಮಾತ್ರ. ನಮಗೆ ಒಣಗುವುದು ಖಾತ್ರಿ. ಇಲ್ಲಿ ಪ್ರಶ್ನೆ ಈ ವರ್ಷ ಎಷ್ಟು ಬೆಳೆಯಿತು ಅನ್ನುವುದು. ಬರಗಾಲದ ವರ್ಷ ನಾವು ಚಳ್ಳಕೆರೆಯ ಕಡೆ ವಾಲುತ್ತೇವೆ, ಒಳ್ಳೆಯ ಮಳೆಯ ವರ್ಷ ಬಂಡೀಪುರದ ಕಡೆ. ಒಂದೇ ಗುಡ್ಡ, ಎರಡು ವರ್ಷಗಳಲ್ಲಿ ಎರಡು ಬೇರೆ ಬೇರೆ ಅಪಾಯ.

2023ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ನಮ್ಮ ಮುಂಗಾರನ್ನು ಸೊರಗಿಸುವ ವಿದ್ಯಮಾನ, ಕಾಲಿಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಅಂಥ ವರ್ಷ ಗುಡ್ಡದಲ್ಲಿ ಹುಲ್ಲೇ ಏಳುವುದಿಲ್ಲ. ಎದ್ದದ್ದನ್ನೂ ದನ, ಕುರಿ, ಮೇಕೆ ಜನವರಿಯೊಳಗೆ ಬೋಳಿಸಿಬಿಡುತ್ತವೆ. ಮೇವಿಗೆ ಹಾಹಾಕಾರ ಇರುವಾಗ ಯಾರೂ ಹುಲ್ಲಿಗೆ ಬೆಂಕಿ ಇಡುವುದೂ ಇಲ್ಲ. ಹಾಗೆಂದು ಬರ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಬರದ ಕಷ್ಟ ಬೇರೆಯದು, ಅದನ್ನು ಉಂಡವರಿಗೇ ಗೊತ್ತು. ಬೆಂಕಿಯ ಲೆಕ್ಕ ಬರದ ಲೆಕ್ಕದ ಜೊತೆ ಸಾಗುವುದಿಲ್ಲ ಅನ್ನುವುದಷ್ಟೇ ಮಾತು. ನಮ್ಮ ಆಡಳಿತದಲ್ಲಿ ಈ ಎರಡನ್ನೂ "ಬೇಸಿಗೆ ಸಿದ್ಧತೆ" ಎಂಬ ಒಂದೇ ಸಭೆಯಲ್ಲಿ ಸೇರಿಸಿ ಮುಗಿಸುವುದು ರೂಢಿಯಾಗಿದೆ. ಅದೇ ತೊಂದರೆ.

ಎಷ್ಟು ಮಳೆ ಅನ್ನುವುದಕ್ಕಿಂತ ಯಾವಾಗ ಅನ್ನುವುದು

ಕರಾವಳಿ, ಮಲೆನಾಡಿನಲ್ಲಿ ಜುಲೈ ಅಂದರೆ ಮಳೆಯ ಜೋರು. ನಮ್ಮಲ್ಲಿ ಹಾಗಲ್ಲ. ಅರಬ್ಬೀ ಸಮುದ್ರದಿಂದ ಬರುವ ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು, ಇತ್ತ ಬರುವಷ್ಟರಲ್ಲಿ ಸೊರಗಿರುತ್ತದೆ. ನಮಗೆ ನಿಜವಾದ ದೊಡ್ಡ ಮಳೆ ತರುವುದು ಪೂರ್ವ ದಿಕ್ಕು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಅದು ಆಂಧ್ರ, ತೆಲಂಗಾಣ ದಾಟಿ ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವುದು ಚಿಂಚೋಳಿ, ಬೀದರ್. ಕಲಬುರಗಿಯಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳೇ ಅತಿ ಹೆಚ್ಚು ಮಳೆಯ ತಿಂಗಳು.

2020ರ ಅಕ್ಟೋಬರ್ ಮಧ್ಯದಲ್ಲಿ ಹೀಗೇ ಒಂದು ವಾಯುಭಾರ ಕುಸಿತ ಬಂದು ಭೀಮಾ ಉಕ್ಕಿ ಹರಿಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲೂ ಭೀಮಾ ತೀರದ ಊರುಗಳು ನೀರಲ್ಲಿ ನಿಂತವು. ಆಗ ಎಲ್ಲರ ಗಮನ ಮುಳುಗಿದ ತೊಗರಿ, ಹತ್ತಿಯ ಮೇಲೆ ಇರುತ್ತದೆ, ಇರಲೇಬೇಕು. ಅದೇ ಹೊತ್ತಿನಲ್ಲಿ ಗುಡ್ಡದ ಮೇಲೆ, ಗಾಯರಾಣದಲ್ಲಿ (ಊರ ದನ ಮೇಯುವ ಗೋಮಾಳ), ರಸ್ತೆ ಬದಿಯಲ್ಲಿ ಹುಲ್ಲು ಸದ್ದಿಲ್ಲದೆ ಮೇಲೇಳುತ್ತಿರುತ್ತದೆ. ತಡವಾಗಿ ಬಿದ್ದ ಮಳೆ ಹುಲ್ಲಿಗೆ ಎರಡನೇ ಜೀವ ಕೊಡುತ್ತದೆ. ಅಕ್ಟೋಬರ್ ಕಳೆದ ಮೇಲೆ ಬಾಗಿಲು ಹಾಕಿದ ಹಾಗೆ ಮಳೆ ನಿಂತುಬಿಡುತ್ತದೆ.

ಇಲ್ಲಿಯೇ ನಮಗೂ ಮೈಸೂರು ಸೀಮೆಗೂ ದೊಡ್ಡ ವ್ಯತ್ಯಾಸ. ಮೈಸೂರು, ಚಾಮರಾಜನಗರದ ಕಡೆ ಅಕ್ಟೋಬರ್ ಮಳೆ ಜೋರು. ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮುಂಗಾರು ಪೂರ್ವ ಮಳೆಯೂ ಚೆನ್ನಾಗಿ ಬೀಳುತ್ತದೆ. ಬಂಡೀಪುರದಲ್ಲಿ ಫೆಬ್ರವರಿ, ಮಾರ್ಚ್ ಕಳೆದು ಒಂದೆರಡು ಒಳ್ಳೆ ಮಳೆ ಬಿದ್ದರೆ ಅರಣ್ಯ ಸಿಬ್ಬಂದಿ ನಿಟ್ಟುಸಿರು ಬಿಡುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ಎರಡೂ ಸೇರಿದರೂ ಅವರ ಅರ್ಧದಷ್ಟು ಮಳೆ ಬರುವುದಿಲ್ಲ. ಬಂದರೂ ಗಾಳಿ, ಗುಡುಗು, ಆಲಿಕಲ್ಲಿನ ಜೊತೆ ಹತ್ತು ನಿಮಿಷ ಹೊಡೆದು ಹೋಗುತ್ತದೆ. ಅವರ ಬೆಂಕಿಯ ಕಾಲ ಏಪ್ರಿಲ್‌ನಲ್ಲೇ ಸಡಿಲವಾಗುತ್ತದೆ, ನಮ್ಮದು ಜೂನ್ ತನಕ ಬಿಗಿಯಾಗಿಯೇ ಇರುತ್ತದೆ.

ಒಂದು ಸಣ್ಣ ಮಳೆ ಯಾಕೆ ಸಾಲುವುದಿಲ್ಲ ಅನ್ನುವುದನ್ನು ಕೈಯಲ್ಲಿ ಹಿಡಿದೇ ನೋಡಬಹುದು. ಜನವರಿಯಲ್ಲಿ ಬೆಳಿಗ್ಗೆ ಏಳು ಗಂಟೆಗೆ ಗುಡ್ಡದ ಒಣ ಕರಡ ಹುಲ್ಲು ಕಿತ್ತು ಬೆರಳಿಗೆ ಸುತ್ತಿ. ಇಬ್ಬನಿ ಹಿಡಿದಿರುತ್ತದೆ, ದಾರದ ಹಾಗೆ ಬಾಗುತ್ತದೆ. ಕಡ್ಡಿ ಗೀರಿದರೆ ಹೊಗೆಯಾಡಿ ಆರುತ್ತದೆ. ಅದೇ ಜಾಗದಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅದೇ ಹುಲ್ಲು ಸುತ್ತಲು ಹೋದರೆ ಪಟಕ್ಕನೆ ಮುರಿಯುತ್ತದೆ. ಅಂಗೈಯಲ್ಲಿ ತಿಕ್ಕಿದರೆ ಪುಡಿ. ತೆಳ್ಳನೆಯ ಹುಲ್ಲು ಗಾಳಿಯ ತೇವವನ್ನು ಹೀರುವುದಕ್ಕೂ, ಬಿಡುವುದಕ್ಕೂ ಒಂದೆರಡು ಗಂಟೆ ಸಾಕು. ದಪ್ಪ ಕೊರಡಿಗೆ ಅದೇ ಕೆಲಸಕ್ಕೆ ವಾರಗಟ್ಟಲೆ ಬೇಕು. ಬೇಸಿಗೆಯ ಮಧ್ಯಾಹ್ನ ನಮ್ಮಲ್ಲಿ ಗಾಳಿಯ ತೇವಾಂಶ ಶೇ 30ಕ್ಕಿಂತ ಕೆಳಗೆ ಇಳಿಯುವುದು ಮಾಮೂಲು. ಹಾಗಾಗಿ ಮಾರ್ಚ್‌ನ ಒಂದು ಸಂಜೆ ಮಳೆ ಬಿದ್ದರೆ ಹುಲ್ಲುಗಾವಲಿಗೆ ಒಂದು ದಿನದ ರಕ್ಷಣೆ ಸಿಗುತ್ತದೆ, ಹೆಚ್ಚೆಂದರೆ ಎರಡು ದಿನ.

ಭೂಮಿ ಬಿಸಿಯಾಗುತ್ತಿರುವುದರ ಪೆಟ್ಟೂ ಇಲ್ಲೇ ಬೀಳುವುದು. ಗಾಳಿಯ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಅಂದರೆ ಗಾಳಿಯ ಬಾಯಾರಿಕೆ ಹೆಚ್ಚುತ್ತದೆ. ಮಳೆಗಾಲದಲ್ಲಿ ಅದು ಒಮ್ಮೆಲೇ ಸುರಿಸುತ್ತದೆ, ಬೇಸಿಗೆಯಲ್ಲಿ ನೆಲದಿಂದ, ಎಲೆಯಿಂದ ಒಮ್ಮೆಲೇ ಎಳೆದುಕೊಳ್ಳುತ್ತದೆ. ಹುಲ್ಲು ಬೆಳೆಸುವ ಮಳೆಯೂ ಹೆಚ್ಚು ರಭಸದ್ದು, ಒಣಗಿಸುವ ಬಿಸಿಲೂ ಹೆಚ್ಚು ರಭಸದ್ದು.

ದೂರದ ದೇಶಗಳ ಸಾಕ್ಷಿ

ಮಳೆಯೇ ಬೆಂಕಿಗೆ ಸೌದೆ ಹೊಂದಿಸುತ್ತದೆ ಅನ್ನುವುದು ಹೊಸ ಮಾತಲ್ಲ. 1974-75ರಲ್ಲಿ ಆಸ್ಟ್ರೇಲಿಯಾದಲ್ಲಿ ಸುಮಾರು 11.7 ಕೋಟಿ ಹೆಕ್ಟೇರ್ ಸುಟ್ಟಿತು. ಆ ಖಂಡದ ಹೆಚ್ಚುಕಡಿಮೆ ಶೇ 15ರಷ್ಟು ನೆಲ ಅದು. ಸುಟ್ಟದ್ದು ಬಹುಪಾಲು ಒಳನಾಡಿನ ಮರುಭೂಮಿಯಂಥ ಪ್ರದೇಶ. ಮಾಮೂಲಿ ವರ್ಷಗಳಲ್ಲಿ ಅಲ್ಲಿ ಬೆಂಕಿ ಹರಡಲು ಹುಲ್ಲೇ ಇರುವುದಿಲ್ಲ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಲ್ ನಿನೊಗೆ ತದ್ವಿರುದ್ಧವಾದ ಲಾ ನಿನಾದಿಂದ ವಿಪರೀತ ಮಳೆ ಬಿದ್ದಿತ್ತು, ಮರಳಿನ ಮೇಲೂ ಹುಲ್ಲು ಹಾಸಿತ್ತು. ಅದೇ ದೇಶದ ಆಗ್ನೇಯ ಭಾಗದ ನೀಲಗಿರಿ ಮರದ ಕಾಡುಗಳು 2019-20ರಲ್ಲಿ ಸುಟ್ಟದ್ದು ಬೇರೆ ಕಾರಣಕ್ಕೆ. ಅಲ್ಲಿ ಸೌದೆ ಸದಾ ಇರುತ್ತದೆ, ಬರ ಬಂದು ಅದನ್ನು ಒಣಗಿಸಿತು. ಒಂದೇ ದೇಶ, ಒಂದು ಕಡೆ ಮಳೆ ಹೆಚ್ಚಾಗಿ ಬೆಂಕಿ, ಇನ್ನೊಂದು ಕಡೆ ಮಳೆ ಇಲ್ಲದೆ ಬೆಂಕಿ.

2025ರ ಜನವರಿಯ ಲಾಸ್ ಏಂಜಲೀಸ್ ಬೆಂಕಿಯನ್ನು ನಾವೆಲ್ಲ ಮೊಬೈಲ್‌ನಲ್ಲಿ ನೋಡಿದ್ದೇವೆ. ಅದಕ್ಕೂ ಮುಂಚಿನ ಎರಡು ಚಳಿಗಾಲ ಅಲ್ಲಿ ವಾಡಿಕೆಗಿಂತ ಜಾಸ್ತಿ ಮಳೆ ಸುರಿದಿತ್ತು. ಹುಲ್ಲು, ಕುರುಚಲು ದಂಡಿಯಾಗಿ ಬೆಳೆಯಿತು. ಆಮೇಲೆ 2024ರ ಮೇ ತಿಂಗಳಿನಿಂದ ಬೆಂಕಿ ಬೀಳುವ ತನಕ ನಗರದಲ್ಲಿ ಬಿದ್ದದ್ದು ಸುಮಾರು 4 ಮಿ.ಮೀ. ಮಾತ್ರ. ಅದರ ಮೇಲೆ ಒಣ ಬಿರುಗಾಳಿ ಎದ್ದಿತು.

ನಮಗೆ ಇನ್ನೂ ಹತ್ತಿರದ ಪಾಠ ಹವಾಯಿಯ ಲಹೈನಾ ಊರಿನದು. ಮಾವಿ ದ್ವೀಪದ ಪಶ್ಚಿಮದ ಬೆಟ್ಟದ ನೆತ್ತಿಯ ಮೇಲೆ ಜಗತ್ತಿನಲ್ಲೇ ಅತಿ ಹೆಚ್ಚು ಅನ್ನುವಂಥ ಮಳೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಕೆಳಗೆ, ಬೆಟ್ಟದ ಮರೆಗೆ ಇರುವ ಲಹೈನಾ ಒಣ ಊರು. ಘಟ್ಟದ ಆಚೆ ಈಚೆ ಇರುವ ನಮ್ಮ ಕಥೆಯೇ. ಊರಿನ ಸುತ್ತ ಹಿಂದೆ ಕಬ್ಬಿನ ತೋಟಗಳಿದ್ದವು. ತೋಟ ಮುಚ್ಚಿದ ಮೇಲೆ ಬೀಳು ಬಿದ್ದ ಜಮೀನಿನಲ್ಲಿ ಹೊರಗಿನ ಹುಲ್ಲು ಆವರಿಸಿಕೊಂಡಿತು. 2023ರ ಆಗಸ್ಟ್‌ನಲ್ಲಿ ಗಾಳಿಗೆ ಬೆಂಕಿ ಆ ಹುಲ್ಲು ಹಿಡಿದು ಊರೊಳಗೆ ನುಗ್ಗಿ ಸುಮಾರು ನೂರು ಜನ ಸತ್ತರು. ಅಲ್ಲಿ ಸುಟ್ಟದ್ದನ್ನು ಕಾಡು ಎಂದು ಯಾರೂ ಕರೆಯುತ್ತಿರಲಿಲ್ಲ. ನಮ್ಮ ಜಿಲ್ಲೆಗಳಲ್ಲಿ ಕಾಡೆಲ್ಲಿದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ. ಬೆಂಕಿಗೆ ಕಾಡೇ ಬೇಕಿಲ್ಲ, ಯಾರೂ ನೋಡಿಕೊಳ್ಳದ ಹುಲ್ಲು ಸಾಕು.

ಮೂರು ಜಿಲ್ಲೆ, ಮೂರು ಬಗೆಯ ನೆಲ

ಮೂರೂ ಜಿಲ್ಲೆಗಳಲ್ಲಿ ಅರಣ್ಯದ ಪಾಲು ಒಂದಂಕಿಯ ಶೇಕಡಾದಲ್ಲೇ ಇದೆ. 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳುವುದು ಮೂರನೇ ಒಂದು ಭಾಗ. ಹಾಗಾಗಿ ಇಲ್ಲಿ ನೂರು ಎಕರೆ ಸುಟ್ಟರೆ ಅದರ ಪೆಟ್ಟು ಕೊಡಗಿನಲ್ಲಿ ನೂರು ಎಕರೆ ಸುಟ್ಟಂತಲ್ಲ. ಇಲ್ಲಿನ ತೋಳ, ಕತ್ತೆಕಿರುಬ, ಕೃಷ್ಣಮೃಗಕ್ಕೆ ಪಕ್ಕದ ಇನ್ನೊಂದು ಕಾಡು ಇಲ್ಲ. ಪಕ್ಕದಲ್ಲಿರುವುದು ತೊಗರಿ ಹೊಲ, ಅದರಾಚೆ ರಸ್ತೆ.

ನಾನು ಎಲ್ಲಕ್ಕಿಂತ ಹೆಚ್ಚು ಭಯ ಪಡುವುದು ಚಿಂಚೋಳಿ ವನ್ಯಜೀವಿಧಾಮದ ವಿಷಯದಲ್ಲಿ. 2011ರಲ್ಲಿ ಘೋಷಣೆಯಾದ ಇದು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂದು ಹೆಸರಾಗಿದೆ. ವಿಸ್ತೀರ್ಣ 134 ಚದರ ಕಿ.ಮೀ. ಮೇಲೆ ಸ್ವಲ್ಪ. ಬಂಡೀಪುರದ ಆರನೇ ಒಂದು ಭಾಗವೂ ಇಲ್ಲ. ಚಂದ್ರಂಪಳ್ಳಿ ಕೆರೆಯ ಹಿಂದಿನ ಕಣಿವೆಗಳು, ಕುಂಚಾವರಂ ಕಡೆಯ ಗುಡ್ಡಗಳು, ತೆಲಂಗಾಣದ ಗಡಿ, ನಡು ನಡುವೆ ತಾಂಡಾಗಳು. ಇಲ್ಲಿ ಬೆಂಕಿಗೆ ಬೇಕಾದ ಎಲ್ಲವೂ ಒಂದೇ ಕಡೆ ಸೇರಿದೆ. ಜಿಲ್ಲೆಯಲ್ಲೇ ಹೆಚ್ಚು ಮಳೆ ಬೀಳುವ ಭಾಗ, ಹಾಗಾಗಿ ಹುಲ್ಲು ದಟ್ಟ. ಎಲೆ ಉದುರುವ ಕಾಡು, ಹಾಗಾಗಿ ಫೆಬ್ರವರಿ ಹೊತ್ತಿಗೆ ಸಾಗವಾನಿಯ ದೊಡ್ಡ ಒಣ ಎಲೆ ನೆಲವನ್ನೆಲ್ಲ ಮುಚ್ಚಿರುತ್ತದೆ. ಹುಲ್ಲಿನ ಬೆಂಕಿ ಮರದ ಬುಡಕ್ಕೆ ಹೋಗಲು ಈ ಎಲೆಯೇ ದಾರಿ. ಮೇಲೆ ಎಲೆ ಇಲ್ಲದ್ದರಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಗಾಳಿಗೂ ತಡೆ ಇಲ್ಲ. ಇದರ ಜೊತೆಗೆ ಇಳಿಜಾರು. ಬೆಂಕಿ ಏರು ಹತ್ತುವಾಗ ಜ್ವಾಲೆ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಪ್ರತಿ 10 ಡಿಗ್ರಿ ಏರಿಗೆ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಆಗುತ್ತದೆ ಎಂಬುದು ಬೆಂಕಿ ಆರಿಸುವವರ ಲೆಕ್ಕ. ಕೈಯಲ್ಲಿ ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿಯುವ ನಾಲ್ಕು ಜನ ಕಾವಲುಗಾರರು ಏರಿನ ಬೆಂಕಿಯ ಮುಂದೆ ನಿಲ್ಲುವುದು ಪ್ರಾಣದ ಮೇಲಿನ ಮಾತು.

ಬೀದರ್ ಎತ್ತರದ ನೆಲ, ಸಮುದ್ರ ಮಟ್ಟದಿಂದ 600 ಮೀಟರ್‌ಗೂ ಮೇಲೆ. ಬಿಸಿಲು ಕಲಬುರಗಿಗಿಂತ ಒಂದೆರಡು ಡಿಗ್ರಿ ಕಡಿಮೆ, ಮಳೆ ಜಾಸ್ತಿ. ಹಾಗಾದರೆ ಬೆಂಕಿ ಕಡಿಮೆ ಇರಬೇಕು ಅನಿಸುತ್ತದೆ, ಅಲ್ವಾ? ಆದರೆ ಬೀದರ್ ಸುತ್ತಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಲೆಕ್ಕವನ್ನೇ ಬದಲಿಸುತ್ತದೆ. ಅದು ತೂತು ತೂತಿನ ಕಲ್ಲು. ಬಿದ್ದ ನೀರು ಸರ್ರನೆ ಕೆಳಗಿಳಿದು ಹೋಗುತ್ತದೆ. ಬಹಮನಿ ಕಾಲದಲ್ಲಿ ನೌಬಾದ್ ಹತ್ತಿರ ನೆಲದಡಿಯ ಸುರಂಗ ಕಾಲುವೆ ತೋಡಿ ಊರಿಗೆ ನೀರು ತಂದದ್ದು ಈ ಗುಣ ತಿಳಿದೇ. ಕೆಳಗೆ ಝರಿ ಹರಿಯುತ್ತಿದ್ದರೂ ಮೇಲಿನ ಮಣ್ಣು ಬೇಗ ಒಣಗುತ್ತದೆ. ಮೇಲೆ ಬೆಳೆದ ಹುಲ್ಲಿಗೆ ಡಿಸೆಂಬರ್‌ನಲ್ಲೇ ಬಣ್ಣ ಬದಲಾಗಿರುತ್ತದೆ. ಅದೇ ಮಳೆ ಎರೆಭೂಮಿಯಲ್ಲಿ ಬಿದ್ದಿದ್ದರೆ ತೇವ ಇನ್ನಷ್ಟು ದಿನ ನಿಲ್ಲುತ್ತಿತ್ತು. ಮಳೆ ಮಾಪಕ ನೋಡಿ ಮಾತ್ರ ಅಪಾಯ ಅಳೆಯಲಾಗದು, ಅದು ಯಾವ ಮಣ್ಣಿನ ಮೇಲೆ ಬಿತ್ತು ಅನ್ನುವುದೂ ಬೇಕು.

ಬೀದರ್, ಭಾಲ್ಕಿ, ಹುಮನಾಬಾದ್, ಆಳಂದ ಕಡೆ ಇನ್ನೊಂದು ಸೌದೆ ಇದೆ: ಕಬ್ಬಿನ ರವದಿ, ಅಂದರೆ ಒಣಗಿದ ಎಲೆ. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ಹೊಲದಲ್ಲೇ ಉಳಿಯುತ್ತದೆ. ಬಹಳ ಜನ ಅದನ್ನು ಸುಟ್ಟು ಕೈತೊಳೆದುಕೊಳ್ಳುತ್ತಾರೆ. ಹೊಲದ ಬದುವಿನಲ್ಲಿ ಹುಲ್ಲು, ಬದುವಿನಾಚೆ ಗಾಯರಾಣ, ಅದರಾಚೆ ಅರಣ್ಯ ಇಲಾಖೆಯ ನೆಡುತೋಪು. ಒಳ್ಳೆ ಮಳೆಯ ವರ್ಷ ಈ ಮೂರರ ನಡುವೆ ಬೋಳು ಜಾಗವೇ ಇರುವುದಿಲ್ಲ.

ಕಲಬುರಗಿಯ ಎರೆ ಸೀಮೆಯಲ್ಲಿ ಕಾಡಿಲ್ಲ, ಹಾಗಾಗಿ ಕಾಡ್ಗಿಚ್ಚೂ ಇಲ್ಲ. ಆದರೆ ಬೆಂಕಿ ಇದೆ. ಮಾರ್ಚ್ ಬಂದರೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತಲೇ ಇರುತ್ತದೆ: ಬಣವೆಗೆ ಬೆಂಕಿ. ಹಿಂಗಾರಿ ಜೋಳ ಕೊಯ್ದು, ಕಣಿಕೆಯನ್ನು ವರ್ಷದ ಮೇವಿಗೆಂದು ಒಟ್ಟಿರುತ್ತಾರೆ. ಮೇಲೆ ಕರೆಂಟಿನ ತಂತಿ, ಪಕ್ಕದ ಹೊಲದಲ್ಲಿ ಯಾರೋ ಬದು ಸುಡುತ್ತಿದ್ದಾರೆ, ಮಧ್ಯಾಹ್ನದ ಸುಂಟರಗಾಳಿ. ಒಂದು ಕಿಡಿ ಬಿದ್ದರೆ ಬಣವೆ ಹೊರಗಿನಿಂದ ಆರಿದ ಹಾಗೆ ಕಂಡರೂ ಒಳಗೆ ರಾತ್ರಿಯಿಡೀ ಬೇಯುತ್ತದೆ. ನೀರು ಹೊಯ್ದರೆ ಮೇಲಿನ ಪದರ ಮಾತ್ರ ತೋಯುತ್ತದೆ. ಬಿಚ್ಚಿ ಹರಡಿ ಆರಿಸಬೇಕು, ಅಷ್ಟರಲ್ಲಿ ಮೇವು ಮುಗಿದಿರುತ್ತದೆ. ಜೋಡೆತ್ತು ಇಟ್ಟುಕೊಂಡ ಮನೆಗೆ ಅದು ಒಂದು ಬೆಳೆ ಹೋದಷ್ಟೇ ನಷ್ಟ. ಇದನ್ನೂ ಬೆಂಕಿಯ ಲೆಕ್ಕದಲ್ಲಿ ಸೇರಿಸದೆ ಬರೀ ಮರಗಳ ಮಾತಾಡಿದರೆ ರೈತರು ಯಾಕೆ ಕಿವಿಗೊಡಬೇಕು?

ಯಾದಗಿರಿಯದು ಬಂಡೆಗಲ್ಲಿನ ಗುಡ್ಡ. ಶಹಾಪುರ, ಸುರಪುರದ ಬೆಟ್ಟಗಳಲ್ಲಿ ಮಣ್ಣು ತೆಳು, ಕಲ್ಲಿನ ಸಂದಿಯಲ್ಲಿ ಹುಲ್ಲು, ಸೀತಾಫಲ, ಕುರುಚಲು. ಬಂಡೆಯೇ ಬೆಂಕಿಗೆ ಅಡ್ಡಗೋಡೆ. ಸಾಧಾರಣ ವರ್ಷಗಳಲ್ಲಿ ಇಲ್ಲಿ ದೊಡ್ಡ ಬೆಂಕಿಗೆ ಅವಕಾಶ ಕಡಿಮೆ. ಆದರೆ ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಗುಡ್ಡದ ಕೆಳಗಿನ ಕಥೆ ಬೇರೆಯಾಗಿದೆ. ಭತ್ತ ಬಂತು, ಯಂತ್ರದ ಕಟಾವು ಬಂತು, ಹೊಲದಲ್ಲಿ ಉಳಿದ ಹುಲ್ಲು ಸುಡುವುದೂ ಬಂತು. ಮಳೆಯ ಲೆಕ್ಕಕ್ಕೆ ಸಂಬಂಧವಿಲ್ಲದ ಸೌದೆ ಇದು. ಬರದ ವರ್ಷದಲ್ಲೂ ಕಾಲುವೆಯ ಕೆಳಗೆ ಅದು ಸಿದ್ಧವಿರುತ್ತದೆ.

ಕಿಡಿ ಯಾರದು, ಕಾಣುವುದು ಯಾರಿಗೆ

ನಮ್ಮಲ್ಲಿ ಬೆಂಕಿ ತನ್ನಿಂದ ತಾನೇ ಹುಟ್ಟುವುದಿಲ್ಲ. ಬಿದಿರು ತಿಕ್ಕಿ ಕಿಡಿ ಬಂತು ಅನ್ನುವ ಮಾತನ್ನು ಬಿಟ್ಟುಬಿಡೋಣ. ಸಿಡಿಲಿನಿಂದ ಬೆಂಕಿ ಹೊತ್ತುವುದೂ ಅಪರೂಪ. ಹೊಸ ಹುಲ್ಲು ಚಿಗುರಲಿ ಎಂದು ಹಳೆ ಕರಡಕ್ಕೆ ಇಡುವ ಬೆಂಕಿ, ಬದುವಿನ ಕಸ, ಜೇನು ಬಿಡಿಸಲು ಹಾಕಿದ ಹೊಗೆ, ಬೀಡಿ ತುಂಡು, ರಸ್ತೆ ಬದಿಯ ಕಸದ ರಾಶಿ. ಇವೇ. ವನ್ಯಜೀವಿಧಾಮದೊಳಗೆ ಬೆಂಕಿ ಹಚ್ಚುವುದನ್ನು 1972ರ ವನ್ಯಜೀವಿ ಕಾಯ್ದೆ ನಿಷೇಧಿಸುತ್ತದೆ. ಕರ್ನಾಟಕ ಅರಣ್ಯ ಕಾಯ್ದೆಯಲ್ಲೂ ಅದು ಅಪರಾಧ. ಆದರೆ ಬರೀ ಕೇಸಿನಿಂದ ಇದು ನಿಲ್ಲುವುದಿಲ್ಲ. ಕುರಿಗಾರನಿಗೆ ಮಾರ್ಚ್‌ನಲ್ಲಿ ಹಸಿರು ಬೇಕು, ಅದಕ್ಕೆ ಬೇರೆ ದಾರಿ ತೋರಿಸದೆ ಅವನನ್ನು ಬೈದು ಪ್ರಯೋಜನವಿಲ್ಲ.

ಇನ್ನೊಂದು ತೊಡಕು ಉಪಗ್ರಹದ ಲೆಕ್ಕದ್ದು. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ಮಾಹಿತಿ ಪಡೆದು ಬೆಂಕಿಯ ಎಚ್ಚರಿಕೆಯನ್ನು ಇಲಾಖೆಯವರ ಮೊಬೈಲಿಗೆ ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ. ಆದರೆ ಈಗ ಬಳಸುವ ಉಪಕರಣಗಳಲ್ಲಿ ಸೂಕ್ಷ್ಮವಾದದ್ದರ ಒಂದು ಚೌಕ 375 ಮೀಟರ್‌ನದು, ಅಂದರೆ ಸುಮಾರು 35 ಎಕರೆ. ಇನ್ನೊಂದರದ್ದು ಒಂದು ಕಿಲೋಮೀಟರ್. ಸೂಕ್ಷ್ಮವಾದದ್ದು ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ, ಮಧ್ಯರಾತ್ರಿ ಒಂದೂವರೆ ಆಸುಪಾಸಿಗೆ. ದೊಡ್ಡ ಕಾಡಿನ ಬೆಂಕಿ ದಿನಗಟ್ಟಲೆ ಉರಿಯುತ್ತದೆ, ಸಿಕ್ಕಿಬೀಳುತ್ತದೆ. ನಮ್ಮ ಹುಲ್ಲಿನ ಬೆಂಕಿ ಮಧ್ಯಾಹ್ನ ಮೂರಕ್ಕೆ ಹೊತ್ತಿ, ಸಂಜೆ ಆರಕ್ಕೆ ಆರಿ, ಮರುದಿನ ಬರೀ ಕರಿ ನೆಲ ಉಳಿದಿರುತ್ತದೆ. ಹೀಗಾಗಿ ನಕ್ಷೆಯಲ್ಲಿ ನಮ್ಮ ಜಿಲ್ಲೆಗಳು ತಣ್ಣಗೆ ಕಾಣುತ್ತವೆ. ನಕ್ಷೆಯಲ್ಲಿ ಕಡಿಮೆ ಕಂಡರೆ ಅನುದಾನವೂ ಕಡಿಮೆ, ಕಾವಲುಗಾರರೂ ಕಡಿಮೆ. ಕಾವಲು ಕಡಿಮೆಯಾದರೆ ಬಿದ್ದ ಬೆಂಕಿ ಬರೆದಿಡುವವರೂ ಇರುವುದಿಲ್ಲ.

ಮಳೆ ಲೆಕ್ಕವನ್ನೇ ಬೆಂಕಿಯ ಲೆಕ್ಕ ಮಾಡಿ

ನಮ್ಮ ರಾಜ್ಯದ ಹತ್ತಿರ ಒಂದು ದೊಡ್ಡ ಆಸ್ತಿ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಸೆಪ್ಟೆಂಬರ್‌ನಲ್ಲಿ ಯಾವ ಹೋಬಳಿಯಲ್ಲಿ ಎಷ್ಟು ಬಿತ್ತು ಅನ್ನುವುದು ಕೈಯಲ್ಲೇ ಇದೆ. ಅದನ್ನು ನೆರೆ ಪರಿಹಾರಕ್ಕೆ, ಬೆಳೆ ವಿಮೆಗೆ ನೋಡುತ್ತೇವೆ. ನವೆಂಬರ್ ಮೊದಲ ವಾರದಲ್ಲಿ ಅದೇ ಅಂಕಿಗಳನ್ನು ಅರಣ್ಯ ಇಲಾಖೆಯ ವಲಯದ ನಕ್ಷೆಯ ಮೇಲೆ ಇಟ್ಟರೆ, ಈ ಸಲ ಹುಲ್ಲು ಎಲ್ಲಿ ದಟ್ಟವಾಗಿದೆ ಅನ್ನುವುದು ಗೊತ್ತಾಗುತ್ತದೆ. ಕುಂಚಾವರಂ ಕಡೆ ವಾಡಿಕೆಗಿಂತ ಬಹಳ ಜಾಸ್ತಿ ಬಿದ್ದಿದ್ದರೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಹುಲ್ಲು ತೆಗೆದು ಬೋಳು ಮಾಡಿದ ಪಟ್ಟಿ) ಆ ಕಡೆ ಅಗಲವಾಗಬೇಕು, ಕಾವಲುಗಾರರು ಜನವರಿಯಿಂದಲೇ ಇರಬೇಕು, ಜೂನ್ ತನಕ ಇರಬೇಕು. ಮಳೆ ಕೈಕೊಟ್ಟ ವಲಯದಲ್ಲಿ ಆ ಹಣ ಮೇವಿಗೆ, ಕುಡಿಯುವ ನೀರಿನ ತೊಟ್ಟಿಗೆ ಹೋಗಲಿ. ಇಡೀ ರಾಜ್ಯಕ್ಕೆ ಒಂದೇ ತಾರೀಖು, ಒಂದೇ ಅಳತೆ ಇಟ್ಟರೆ ಅದು ಘಟ್ಟದ ಕಾಡಿಗೆ ಹೊಂದುತ್ತದೆ, ನಮಗೆ ಹೊಂದುವುದಿಲ್ಲ.

ಎರಡನೆಯದು ಹುಲ್ಲು ಕೊಯ್ಯುವುದು. ನವೆಂಬರ್, ಡಿಸೆಂಬರ್‌ನಲ್ಲಿ ಕರಡ ಇನ್ನೂ ಪೂರ್ತಿ ಸೊಪ್ಪೆಯಾಗಿರುವುದಿಲ್ಲ, ದನ ತಿನ್ನುತ್ತದೆ. ವನ್ಯಜೀವಿಧಾಮದೊಳಗೆ ನಿಯಮ ಬಿಗಿ, ಅಲ್ಲಿ ಹುಲ್ಲು ಪ್ರಾಣಿಗಳದ್ದೇ. ಆದರೆ ಗಾಯರಾಣ, ನೆಡುತೋಪು, ರಸ್ತೆ ಬದಿ, ಕಾಲುವೆ ಏರಿಯ ಹುಲ್ಲನ್ನು ಆಯಾ ಊರಿನವರಿಗೆ ಕೊಯ್ದುಕೊಳ್ಳಲು ಬಿಟ್ಟರೆ ಸೌದೆ ಮೇವಾಗುತ್ತದೆ. ಒಳ್ಳೆ ಮಳೆಯ ವರ್ಷದ ಹುಲ್ಲು ಕಟ್ಟಿ ಇಟ್ಟರೆ ಮುಂದಿನ ಬರದ ವರ್ಷಕ್ಕೂ ಆಧಾರ. ಮಳೆ ಜಾಸ್ತಿಯಾದ ಮರುವರ್ಷ ಕಡಿಮೆಯಾಗುವುದು ನಮ್ಮ ಸೀಮೆಯಲ್ಲಿ ಎಷ್ಟು ಸಲ ಕಂಡಿಲ್ಲ ಹೇಳಿ.

ಬದು, ರವದಿ ಸುಡುವ ವಿಷಯದಲ್ಲಿ ಸುಡಲೇಬೇಡಿ ಎಂದು ಪೋಸ್ಟರ್ ಅಂಟಿಸಿದರೆ ಸಾಲದು. ರವದಿಯನ್ನು ಹೊಲದಲ್ಲೇ ಪುಡಿ ಮಾಡುವ ಯಂತ್ರ ರೈತ ಸಂಪರ್ಕ ಕೇಂದ್ರದಲ್ಲಿ ಬಾಡಿಗೆಗೆ ಸಿಗುವಂತಾಗಬೇಕು, ಅದೂ ಕಬ್ಬು ಕಡಿಯುವ ಕಾಲದಲ್ಲೇ. ಬಣವೆ ಒಟ್ಟುವಾಗ ತಂತಿಯ ಕೆಳಗೆ ಬೇಡ. ಒಂದೇ ದೊಡ್ಡ ಬಣವೆಯ ಬದಲು ದೂರ ದೂರ ಎರಡು ಮೂರು ಮಾಡಿ, ಸುತ್ತ ನಾಲ್ಕು ಮಾರು ನೆಲ ಕೆತ್ತಿ ಬೋಳು ಮಾಡಿ. ಖರ್ಚಿಲ್ಲದ ಕೆಲಸ ಇದು.

ಗುಡ್ಡದಲ್ಲಿ ಹೊಗೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926, ಊರೊಳಗೆ ಅಥವಾ ಹೊಲದಲ್ಲಿ ಬೆಂಕಿಯಾದರೆ 112. ಫೋನ್ ಮಾಡುವಾಗ ಊರು, ಸರ್ವೆ ನಂಬರ್ ಅಥವಾ ಹತ್ತಿರದ ತಾಂಡಾದ ಹೆಸರು, ಗಾಳಿ ಯಾವ ಕಡೆ ಬೀಸುತ್ತಿದೆ, ಬೆಂಕಿ ಏರು ಹತ್ತುತ್ತಿದೆಯೋ ಇಳಿಯುತ್ತಿದೆಯೋ ಇಷ್ಟು ಹೇಳಿ. ಬರುವವರು ಯಾವ ದಾರಿಯಿಂದ ಬರಬೇಕು ಅನ್ನುವುದು ಅದರ ಮೇಲೆ ನಿಂತಿದೆ.